ಎಲ್‌ಎಸ್‌ಡಿ ಇದ್ದರೂ ಒಂದೇ ಚಕ್ರ ಸುತ್ತುತ್ತಿದೆಯಾ? ಕಳೆದುಹೋದ ಹಿಡಿತ ಎಲ್ಲಿ ಹೋಯಿತು ಅಂತ ನೋಡೋಣ

ಕಳೆದ ಮಳೆಗಾಲದಲ್ಲಿ ಪಾಂಡವಪುರದ ಹತ್ತಿರ ಒಂದು ಆಲೆಮನೆಯ ಹಿಂದೆ ನಮ್ಮ ಪಿಕಪ್ ಹೂತುಕೊಂಡಿತು. ಹಿಂದೆ ಬೆಲ್ಲದ ಲೋಡಿತ್ತು. ಎಡಗಡೆಯ ಹಿಂದಿನ ಚಕ್ರ ಗದ್ದೆ ನೀರು ಬಸಿದು ಕೆಸರಾದ ಜಾಗದಲ್ಲಿತ್ತು. ಬಲಗಡೆಯದು ಗಟ್ಟಿ ಕೆಮ್ಮಣ್ಣಿನ ಮೇಲಿತ್ತು. ಆಕ್ಸಿಲರೇಟರ್ ಒತ್ತಿದರೆ ಎಡಗಡೆಯ ಚಕ್ರ ಗಿರ್ರನೆ ತಿರುಗಿ ಕೆಸರು ಎರಚಿತು. ಬಲಗಡೆಯದು ಕದಲಲೇ ಇಲ್ಲ.

"ಭಾವ, ಎಲ್‌ಎಸ್‌ಡಿ ಇದೆ ಅಂತ ತಾನೆ ಈ ಗಾಡಿ ತಗೊಂಡಿದ್ದು?" ಅಂದ ನನ್ನ ಭಾಮೈದ.

ಎಲ್‌ಎಸ್‌ಡಿ ಅಂದರೆ ಲಿಮಿಟೆಡ್ ಸ್ಲಿಪ್ ಡಿಫ್ರೆನ್ಷಿಯಲ್. ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ಕಳಿಸಬೇಕಾದದ್ದು ಅದು. ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಟ್ರ್ಯಾಕ್ಟರ್ ಕರೆಸಿ ಎಳೆಸಿದೆವು. ಆಮೇಲೆ ಎರಡು ತಿಂಗಳು ಡಿಫ್ರೆನ್ಷಿಯಲ್ ಹಿಂದೆಯೇ ಬಿದ್ದೆ, ಅಂದರೆ ಎಂಜಿನ್ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ. ಬಿಚ್ಚಿಸಿದೆ, ಅಳೆಸಿದೆ, ಮತ್ತೆ ಕಟ್ಟಿಸಿದೆ. ಅದರಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಂಡ್ಯದ ಕಡೆ ಕಬ್ಬು, ಬೆಲ್ಲ, ಭತ್ತ, ಮದ್ದೂರಿಗೆ ಎಳನೀರು ಅಂತ ಗದ್ದೆ ಬದಿಯಿಂದಲೇ ಲೋಡ್ ಎತ್ತುವವರಿಗೆ ಇದು ದಿನನಿತ್ಯದ ವಿಷಯ ಅಲ್ವಾ?

ಮೊದಲು ಡಿಫ್ರೆನ್ಷಿಯಲ್ ಯಾಕೆ ಬೇಕು ಅನ್ನೋದು ತಿಳಿಯಬೇಕು. ಮೈಸೂರಿನ ಕೆ.ಆರ್. ಸರ್ಕಲ್ಲನ್ನು ಒಂದು ಪೂರ್ತಿ ಸುತ್ತು ಹಾಕುತ್ತೀರಿ ಅಂದುಕೊಳ್ಳಿ. ಗಾಡಿಯ ಎರಡು ಹಿಂದಿನ ಚಕ್ರಗಳ ನಡುವಿನ ಅಂತರ ಒಂದೂವರೆ ಮೀಟರ್ ಇದ್ದರೆ, ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 9.4 ಮೀಟರ್ ಜಾಸ್ತಿ ಓಡಬೇಕು. ಸರ್ಕಲ್ ಚಿಕ್ಕದಿರಲಿ, ದೊಡ್ಡದಿರಲಿ, ಪೂರ್ತಿ ಒಂದು ಸುತ್ತಿಗೆ ಈ ವ್ಯತ್ಯಾಸ ಅಷ್ಟೇ. ಎತ್ತಿನ ಗಾಡಿಗೆ ಈ ತಾಪತ್ರಯ ಇಲ್ಲ. ಅದರ ಚಕ್ರಗಳು ಅಚ್ಚಿನ ಮೇಲೆ ಬೇರೆ ಬೇರೆಯಾಗಿ ತಿರುಗುತ್ತವೆ, ಎಳೆಯುವ ಕೆಲಸ ಎತ್ತಿನದು. ಮೋಟಾರು ಗಾಡಿಯಲ್ಲಿ ಮಾತ್ರ ಚಕ್ರವೇ ಗಾಡಿಯನ್ನು ತಳ್ಳಬೇಕು, ಜೊತೆಗೆ ಎರಡು ಬದಿಯೂ ಬೇರೆ ಬೇರೆ ವೇಗದಲ್ಲಿ ತಿರುಗಬೇಕು. ಈ ಎರಡನ್ನೂ ಒಟ್ಟಿಗೆ ಮಾಡಲು ಹಿಂದಿನ ಆಕ್ಸಲ್‌ನ ಹೌಸಿಂಗ್ (ಹೊರಕವಚ) ಒಳಗೆ ಕ್ರೌನ್ ವೀಲ್ ಅನ್ನುವ ದೊಡ್ಡ ಗೇರು, ಅದಕ್ಕೆ ಬೋಲ್ಟ್ ಮಾಡಿದ ಒಂದು ಗೂಡು, ಆ ಗೂಡಿನೊಳಗೆ ಪುಟ್ಟ ಸ್ಟಾರ್ ಪಿನಿಯನ್‌ಗಳು, ಅವುಗಳ ಎರಡು ಬದಿಗೆ ಆಕ್ಸಲ್ ಶಾಫ್ಟ್ ಕೂರುವ ಸೈಡ್ ಗೇರ್‌ಗಳು ಇರುತ್ತವೆ.

ಈ ಸ್ಟಾರ್ ಪಿನಿಯನ್ ಮಾಡುವ ಕೆಲಸ ನೊಗದ ಕೆಲಸವೇ. ನೊಗವನ್ನು ಸರಿಯಾಗಿ ನಡುವೆ ಕಟ್ಟಿದರೆ ಎರಡು ಎತ್ತಿನ ಮೇಲೂ ಸಮನಾದ ಎಳೆತ ಬೀಳುತ್ತದೆ. ಒಂದು ಎತ್ತು ಸುಸ್ತಾಗಿ ಹಗ್ಗ ಸಡಿಲ ಬಿಟ್ಟರೆ ನೊಗ ಓರೆಯಾಗುತ್ತದೆ. ಗಟ್ಟಿ ಎತ್ತಿಗೆ ಎಷ್ಟೇ ಶಕ್ತಿ ಇದ್ದರೂ ಅದು ಸುಸ್ತಾದ ಎತ್ತಿನಷ್ಟೇ ಎಳೆಯಲು ಸಾಧ್ಯ. ಮಾಮೂಲಿ ಡಿಫ್ರೆನ್ಷಿಯಲ್ ಹೀಗೇ. ಅದು ಎರಡು ಚಕ್ರಕ್ಕೂ ಯಾವಾಗಲೂ ಸಮನಾದ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. "ಸುತ್ತುವ ಚಕ್ರಕ್ಕೇ ಎಲ್ಲಾ ಶಕ್ತಿ ಹೋಗುತ್ತೆ" ಅಂತ ಗ್ಯಾರೇಜಿನಲ್ಲಿ ಹೇಳುವುದನ್ನು ನೀವೂ ಕೇಳಿರುತ್ತೀರಿ. ತಿರುಗುವುದೆಲ್ಲ ಆ ಕಡೆ ಹೋಗುವುದು ನಿಜ. ಆದರೆ ತಳ್ಳುವ ಬಲ ಎರಡು ಕಡೆಗೂ ಒಂದೇ. ಕೆಸರಿನಲ್ಲಿರುವ ಚಕ್ರ ಬರೀ 200 ನ್ಯೂಟನ್ ಮೀಟರ್ ತಡೆಯುತ್ತದೆ ಅಂದುಕೊಳ್ಳಿ. ಗಟ್ಟಿ ನೆಲದ ಮೇಲಿನ ಚಕ್ರಕ್ಕೂ ಅದೇ 200 ಸಿಗುತ್ತದೆ. ಒಟ್ಟು 400. ಲೋಡ್ ಗಾಡಿ ಕದಲಲು ಅದು ಸಾಲುವುದಿಲ್ಲ.

ಈಗ ರೈತ ಏನು ಮಾಡುತ್ತಾನೆ? ಜೋಡಿಯಲ್ಲಿ ಒಂದು ಎತ್ತು ಬಡಕಲಾಗಿದ್ದರೆ ನಡುವಿನ ಕಟ್ಟನ್ನು ಗಟ್ಟಿ ಎತ್ತಿನ ಕಡೆಗೆ ಒಂದಿಷ್ಟು ಸರಿಸಿ ಕಟ್ಟುತ್ತಾನೆ. ಆಗ ಜಾಸ್ತಿ ಭಾರ ಗಟ್ಟಿ ಎತ್ತಿನ ಮೇಲೆ ಬೀಳುತ್ತದೆ. ಎಲ್‌ಎಸ್‌ಡಿ ಆ ಕಟ್ಟನ್ನು ಬೇಕಾದಾಗ ತಾನೇ ಸರಿಸುವ ಯಂತ್ರ. ಅದರ ಸಾಮರ್ಥ್ಯ ಎರಡೂವರೆ ಪಟ್ಟು ಇದ್ದರೆ, ಕೆಸರಿನ ಚಕ್ರ 200 ತಡೆದಾಗ ಗಟ್ಟಿ ನೆಲದ ಚಕ್ರಕ್ಕೆ 500 ಕೊಡಬಲ್ಲದು. ಒಟ್ಟು 700 ಆಯಿತು. ನೆಲದ ಹಿಡಿತ ಒಂದಿಷ್ಟೂ ಹೆಚ್ಚಾಗಿಲ್ಲ. ಸುಮ್ನೆ ಬಿದ್ದಿದ್ದ ಹಿಡಿತ ಬಳಕೆಗೆ ಬಂತು, ಅಷ್ಟೇ. ಎರಡು ಚಕ್ರವೂ ಕೆಸರಲ್ಲಿದ್ದರೆ ಯಾವ ಎಲ್‌ಎಸ್‌ಡಿಯೂ ಏನೂ ಮಾಡಲಾರದು.

ಪಿಕಪ್‌ಗಳಲ್ಲಿ ಹೆಚ್ಚಾಗಿ ಬರುವುದು ಕ್ಲಚ್ ಪ್ಲೇಟ್ ಇರುವ ಎಲ್‌ಎಸ್‌ಡಿ. ಸೈಡ್ ಗೇರ್ ಹಿಂದೆ ತೆಳು ಪ್ಲೇಟುಗಳನ್ನು ದೋಸೆ ಪೇರಿಸಿದ ಹಾಗೆ ಪೇರಿಸಿರುತ್ತಾರೆ. ಒಂದು ಪ್ಲೇಟಿನ ಹಲ್ಲು ಆಕ್ಸಲ್ ಜೊತೆ ತಿರುಗುವ ಗೇರಿಗೆ ಕಚ್ಚಿಕೊಂಡಿರುತ್ತದೆ. ಅದರ ಪಕ್ಕದ ಪ್ಲೇಟಿನ ಕಿವಿಗಳು ಗೂಡಿಗೆ ಸಿಕ್ಕಿರುತ್ತವೆ. ಒಂದು ಚಕ್ರ ಗೂಡಿಗಿಂತ ಜೋರಾಗಿ ಓಡಲು ಹೊರಟರೆ ಪ್ಲೇಟುಗಳು ಒಂದಕ್ಕೊಂದು ಉಜ್ಜಿ ಅದನ್ನು ಹಿಡಿದೆಳೆಯುತ್ತವೆ. ಹಾಗೆ ಹಿಡಿದೆಳೆದ ಬಲವೇ ನಿಂತಿರುವ ಚಕ್ರಕ್ಕೆ ಹೋಗುತ್ತದೆ.

ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಎರಡು ಬಲಗಳು. ಒಂದು ಸ್ಪ್ರಿಂಗ್. ಇದು ಯಾವಾಗಲೂ ಒತ್ತುತ್ತಲೇ ಇರುತ್ತದೆ, ಇದನ್ನು ಪ್ರಿಲೋಡ್ ಅನ್ನುತ್ತಾರೆ. ಇನ್ನೊಂದು ಗೇರಿನದೇ ಒತ್ತಡ. ಸ್ಟಾರ್ ಪಿನಿಯನ್ ಮತ್ತು ಸೈಡ್ ಗೇರಿನ ಹಲ್ಲುಗಳು ಓರೆಯಾಗಿವೆ. ಲೋಡ್ ಬಿದ್ದಾಗ ಅವು ಒಂದನ್ನೊಂದು ದೂರ ತಳ್ಳುತ್ತವೆ. ಸೈಡ್ ಗೇರ್ ಹೊರಕ್ಕೆ ಸರಿದು ಪ್ಲೇಟುಗಳನ್ನು ಇನ್ನಷ್ಟು ಅಮುಕುತ್ತದೆ. ಟಾರ್ಕ್ ಜಾಸ್ತಿ ಆದಷ್ಟೂ ಅಮುಕುವುದೂ ಜಾಸ್ತಿ. ಆದರೆ ಒಂದು ಚಕ್ರ ಗಾಳಿಯಲ್ಲಿ ತೇಲುತ್ತಿದ್ದರೆ? ಅದು ತಡೆಯುವುದು ಸೊನ್ನೆ. ಸೊನ್ನೆಯ ಎರಡೂವರೆ ಪಟ್ಟೂ ಸೊನ್ನೆಯೇ. ಆಗ ಸ್ಪ್ರಿಂಗಿನ ಪ್ರಿಲೋಡ್ ಒಂದೇ ಗತಿ. ಅದಕ್ಕೇ ಪ್ಲೇಟ್ ಸವೆದು ಪ್ರಿಲೋಡ್ ಸತ್ತ ಎಲ್‌ಎಸ್‌ಡಿ ಹಳ್ಳದಲ್ಲಿ ಮಾಮೂಲಿ ಡಿಫ್ರೆನ್ಷಿಯಲ್ ತರಹವೇ ಆಡುತ್ತದೆ.

ನಮ್ಮ ಗಾಡಿಯ ರೋಗ ಶುರುವಾಗಿದ್ದು ಆಯಿಲ್‌ನಿಂದ. ಒಂದು ಸಲ ತುಂಬಿದ ಹಳ್ಳ ದಾಟಿದ ಮೇಲೆ ಹೌಸಿಂಗ್ ಆಯಿಲ್ ಬಿಚ್ಚಿಸಿದೆವು. ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿತ್ತು. ನೀರು ಸೇರಿದರೆ ಹಾಗಾಗುತ್ತದೆ. ಗ್ಯಾರೇಜಿನವರು ಮಾಮೂಲಿ ತೊಂಬತ್ತರ ನಂಬರಿನ ಗೇರ್ ಆಯಿಲ್ ತುಂಬಿದರು. ಮಾರನೇ ದಿನದಿಂದ ಗಾಡಿ ತಿರುಗಿಸಿದಾಗಲೆಲ್ಲ ಹಿಂದೆ ಕಟಕಟ, ನಡುಕ. ಇನ್ನೊಂದು ಕಡೆ ತೋರಿಸಿದೆವು. ಅವರು "ಇದಕ್ಕೆ ಫ್ರಿಕ್ಷನ್ ಮಾಡಿಫೈಯರ್ ಬೇಕು ಅಣ್ಣ" ಅಂತ ಸರಿಯಾಗೇ ಹೇಳಿದರು. ಆದರೆ ಒಂದರ ಬದಲು ಎರಡು ಸೀಸೆ ಸುರಿದರು. ಶಬ್ದ ನಿಂತಿತು. ಅದರ ಜೊತೆಗೇ ಹಿಡಿತವೂ ಹೋಗಿತ್ತು. ಅದು ನಮಗೆ ತಿಳಿದದ್ದು ಆಲೆಮನೆಯ ಹಿಂದೆ.

ಇಲ್ಲಿ ನಡೆಯುವುದು ಏನು? ಭಾರದ ಮಂಚವನ್ನು ನೆಲದ ಮೇಲೆ ಎಳೆದು ನೋಡಿ. ಒಂದು ಕ್ಷಣ ಕಚ್ಚಿ ನಿಲ್ಲುತ್ತದೆ, ಆಮೇಲೆ ಜಾರುತ್ತದೆ, ಮತ್ತೆ ಕಚ್ಚುತ್ತದೆ. ಕರಕರ ಅನ್ನುತ್ತದೆ. ನಿಂತಾಗಿನ ಘರ್ಷಣೆ ಜಾರುವಾಗಿನದಕ್ಕಿಂತ ಜಾಸ್ತಿ ಇರುವುದೇ ಇದಕ್ಕೆ ಕಾರಣ. ಎಲ್‌ಎಸ್‌ಡಿ ಪ್ಲೇಟುಗಳೂ ತಿರುವಿನಲ್ಲಿ ಹೀಗೇ ಕಚ್ಚಿ ಬಿಟ್ಟು ಮಾಡುತ್ತವೆ. ಫ್ರಿಕ್ಷನ್ ಮಾಡಿಫೈಯರ್ ಪ್ಲೇಟಿನ ಮೈಗೆ ಅಂಟಿಕೊಂಡು ತೆಳು ಪದರ ಕಟ್ಟುತ್ತದೆ. ಆಗ ಕಚ್ಚುವುದು ಕಡಿಮೆಯಾಗಿ ನಯವಾಗಿ ಜಾರುತ್ತದೆ. ಅದು ಒಳ್ಳೆಯದೇ, ಪ್ಲೇಟ್ ಉಳಿಯುತ್ತದೆ. ಆದರೆ ಹೆಚ್ಚು ಹಾಕಿದಷ್ಟೂ ಘರ್ಷಣೆ ಇಳಿಯುತ್ತದೆ. ಘರ್ಷಣೆಯೇ ಎಲ್‌ಎಸ್‌ಡಿಯ ಜೀವ.

ಹಾಗಾಗಿ ಹಿಡಿತ ವಾಪಸ್ ತರಲು ಮೊದಲ ಮತ್ತು ಅಗ್ಗದ ದಾರಿ ಸರಿಯಾದ ಆಯಿಲ್. ಹಳೆಯದನ್ನು ಪೂರ್ತಿ ಇಳಿಸಿ. ಡ್ರೈನ್ ಪ್ಲಗ್ಗಿಗೆ ಮ್ಯಾಗ್ನೆಟ್ ಇದ್ದರೆ ನೋಡಿ. ಅದರ ಮೇಲೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಇದ್ದರೆ ಅದು ಮಾಮೂಲಿ ಸವೆತ. ಉಗುರಿಗೆ ಸಿಗುವ ತುಂಡುಗಳಿದ್ದರೆ ಗೇರೋ ಬೇರಿಂಗೋ ಹೋಗಿದೆ ಅಂತ ಅರ್ಥ, ಆಗ ಬಿಚ್ಚಲೇಬೇಕು. ಆಮೇಲೆ ಗಾಡಿಯ ಪುಸ್ತಕ ಹೇಳಿದ ದಪ್ಪದ ಜಿಎಲ್-5 ದರ್ಜೆಯ ಗೇರ್ ಆಯಿಲ್ ತನ್ನಿ. ಡಬ್ಬಿಯ ಮೇಲೆ ಎಲ್‌ಎಸ್ (ಲಿಮಿಟೆಡ್ ಸ್ಲಿಪ್) ಅಂತ ಬರೆದಿದ್ದರೆ ಮಾಡಿಫೈಯರ್ ಅದರೊಳಗೇ ಇರುತ್ತದೆ, ಮೇಲೆ ಬೇರೆ ಸುರಿಯಬೇಡಿ. ಬರೆದಿಲ್ಲದಿದ್ದರೆ ಪುಸ್ತಕದ ಅಳತೆಯ ಅರ್ಧ ಮಾಡಿಫೈಯರ್ ಹಾಕಿ ಓಡಿಸಿ ನೋಡಿ. ತಿರುವಿನಲ್ಲಿ ನಡುಕ ಬಂದರೆ ಮಾತ್ರ ಸ್ವಲ್ಪ ಸ್ವಲ್ಪವೇ ಸೇರಿಸಿ, ನಡುಕ ನಿಂತ ಕಡೆ ನಿಲ್ಲಿಸಿ. ನನ್ನ ಮಟ್ಟಿಗೆ ಇದೇ ಒಳ್ಳೆಯ ಪದ್ಧತಿ. ಆಯಿಲ್ ಹಾಕಿದ ಮೇಲೆ ಖಾಲಿ ಮೈದಾನದಲ್ಲಿ ನಿಧಾನವಾಗಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಹತ್ತಾರು ಸುತ್ತು ಓಡಿಸಬೇಕು. ಹೊಸ ಆಯಿಲ್ ಪ್ಲೇಟುಗಳ ಸಂದಿಗೆ ಇಳಿಯುವುದು ಆಗಲೇ. ಈ ಸುತ್ತು ಹಾಕದೆ "ಇನ್ನೂ ಶಬ್ದ ಇದೆ" ಅಂತ ಎರಡನೇ ಸೀಸೆಗೆ ಕೈ ಹಾಕುವುದೇ ನಮಗೆ ಆದ ತಪ್ಪು.

ಆಯಿಲ್ ಬದಲಿಸಿಯೂ ಹಿಡಿತ ಬರಲಿಲ್ಲ ಅಂದರೆ ಪ್ಲೇಟ್ ಸವೆದಿರಬೇಕು. ಬಿಚ್ಚುವ ಮೊದಲೇ ಇದನ್ನು ತಿಳಿಯಬಹುದು. ಸಮತಟ್ಟು ನೆಲದಲ್ಲಿ ಮುಂದಿನ ಚಕ್ರಗಳಿಗೆ ಎರಡು ಕಡೆಯೂ ಕಲ್ಲು ಕೊಡಿ. ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಹಿಂದಿನ ಎರಡೂ ಚಕ್ರ ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಒಂದು ಚಕ್ರ ಕೈಯಲ್ಲಿ ತಿರುಗಿಸಿ. ಇನ್ನೊಂದು ಅದೇ ದಿಕ್ಕಿಗೆ ತಿರುಗಿದರೆ ಪ್ಲೇಟುಗಳು ಇನ್ನೂ ಹಿಡಿಯುತ್ತಿವೆ. ಉಲ್ಟಾ ತಿರುಗಿದರೆ ಸ್ಟಾರ್ ಪಿನಿಯನ್ ಆರಾಮಾಗಿ ಸುತ್ತುತ್ತಿದೆ, ಪ್ಲೇಟ್ ಕೈಬಿಟ್ಟಿದೆ.

ಇದಕ್ಕಿಂತ ನಿಖರವಾದದ್ದು ಟಾರ್ಕ್ ರೆಂಚ್, ಅಂದರೆ ತಿರುಗಿಸುವ ಬಲ ಅಳೆಯುವ ಪಾನಾದ ಪರೀಕ್ಷೆ. ಒಂದೇ ಹಿಂದಿನ ಚಕ್ರ ಎತ್ತಿ, ಇನ್ನೊಂದು ನೆಲದ ಮೇಲಿರಲಿ. ಎತ್ತಿದ ಕಡೆ ಚಕ್ರದ ನಡುವಿಗೆ ಒಂದು ಅಡಾಪ್ಟರ್ ಕಟ್ಟಿ ಟಾರ್ಕ್ ರೆಂಚಿನಿಂದ ತಿರುಗಿಸಬೇಕು. ಮೊದಲ ಜಗ್ಗಿಗೆ ಬರುವ ಅಂಕಿ ಬಿಟ್ಟು, ಚಕ್ರ ಒಂದೇ ಸಮ ತಿರುಗುವಾಗಿನ ಅಂಕಿ ಬರೆದುಕೊಳ್ಳಿ. ವರ್ಕ್‌ಶಾಪ್ ಪುಸ್ತಕದಲ್ಲಿ ಕೊಟ್ಟ ಕನಿಷ್ಠಕ್ಕಿಂತ ಅದು ಕಡಿಮೆ ಇದ್ದರೆ ಪ್ಲೇಟ್ ಬದಲಿಸುವ ಕಾಲ ಬಂದಿದೆ. ಇಷ್ಟಂತೂ ಮರೆಯಬೇಡಿ: ಎಲ್‌ಎಸ್‌ಡಿ ಗಾಡಿಯ ಒಂದು ಹಿಂದಿನ ಚಕ್ರ ಮಾತ್ರ ಎತ್ತಿಟ್ಟು, ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಲೇಬಾರದು. ನೆಲದ ಮೇಲಿನ ಚಕ್ರಕ್ಕೂ ಬಲ ಹೋಗಿ ಗಾಡಿ ಜಾಕಿನಿಂದ ಹಾರುತ್ತದೆ. ಮಾಮೂಲಿ ಡಿಫ್ರೆನ್ಷಿಯಲ್ ಗಾಡಿಯಲ್ಲಿ ಹಾಗೆ ಮಾಡಿ ಅಭ್ಯಾಸ ಆದವರೇ ಇಲ್ಲಿ ಮೋಸ ಹೋಗುತ್ತಾರೆ.

ಬಿಚ್ಚಿದಾಗ ನಮ್ಮ ಪ್ಲೇಟುಗಳಲ್ಲಿ ಎರಡು ನೀಲಿ ಬಣ್ಣಕ್ಕೆ ತಿರುಗಿದ್ದವು. ಬಿಸಿಗೆ ಸುಟ್ಟ ಗುರುತು ಅದು. ಮೇಲಿನ ಲೈನಿಂಗ್ ಕನ್ನಡಿಯಂತೆ ಹೊಳೆಯುತ್ತಿತ್ತು. ಮೈಕ್ರೋಮೀಟರಿನಲ್ಲಿ ಅಳೆದರೆ ಪ್ರತಿ ಪ್ಲೇಟೂ ಚೂರು ಚೂರು ತೆಳ್ಳಗಾಗಿತ್ತು. ಒಂದೊಂದು ಚೂರು ಸೇರಿದಾಗ ಪೇರಿಸಿದ ಗುಡ್ಡೆಯೇ ಗಿಡ್ಡವಾಗುತ್ತದೆ. ಗಿಡ್ಡವಾದರೆ ಸ್ಪ್ರಿಂಗಿಗೆ ಒತ್ತಲು ಏನೂ ಸಿಗುವುದಿಲ್ಲ. ಹೊಸ ಪ್ಲೇಟುಗಳನ್ನು ಹಾಕುವ ಮೊದಲು ಎಲ್‌ಎಸ್ ಆಯಿಲ್‌ನಲ್ಲಿ ಚೆನ್ನಾಗಿ ನೆನೆಸಬೇಕು. ಒಣ ಪ್ಲೇಟ್ ಹಾಕಿದರೆ ಮೊದಲ ಕೆಲವು ಕಿಲೋಮೀಟರಿನಲ್ಲೇ ಸುಡುತ್ತವೆ. ಎರಡು ಬದಿಯ ಗುಡ್ಡೆಗಳ ದಪ್ಪವನ್ನು ಶಿಮ್ (ಸಂದಿ ತುಂಬುವ ತೆಳು ಬಿಲ್ಲೆ) ಕೊಟ್ಟು ಪುಸ್ತಕದ ಅಳತೆಗೆ ತರಬೇಕು. ಶಿಮ್ ಸ್ವಲ್ಪ ದಪ್ಪ ಕೊಟ್ಟರೆ ಪ್ರಿಲೋಡ್ ಏರುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿದರೂ ಏರುತ್ತದೆ. ಕೆಲವು ಎಲ್‌ಎಸ್‌ಡಿಗಳಲ್ಲಿ ಪ್ಲೇಟುಗಳ ಕ್ರಮ ಬದಲಿಸಿ, ಉಜ್ಜುವ ಮುಖಗಳನ್ನು ಹೆಚ್ಚಿಸಲೂ ಬರುತ್ತದೆ. ಒತ್ತುವ ಬಲ ಅಷ್ಟೇ ಇದ್ದರೂ ಮುಖಗಳು ಹೆಚ್ಚಾದಷ್ಟು ಹಿಡಿತ ಹೆಚ್ಚು.

ಆದರೆ ಸುಟ್ಟಿದ್ದು ಯಾಕೆ? ಅದಕ್ಕೆ ಉತ್ತರ ಟೈರಿನಲ್ಲಿತ್ತು. ಹಿಂದೆ ಒಂದು ಕಡೆ ಹೊಸ ಟೈರು, ಇನ್ನೊಂದು ಕಡೆ ಬೋಳಾದ ಹಳೇ ಟೈರು ಹಾಕಿ ತಿಂಗಳುಗಟ್ಟಲೆ ಓಡಿಸಿದ್ದೆವು. ಒಂದರ ಸುತ್ತಳತೆ ಚಿಕ್ಕದಾದರೆ ಅದು ನೇರ ರಸ್ತೆಯಲ್ಲೂ ಇನ್ನೊಂದಕ್ಕಿಂತ ಜಾಸ್ತಿ ಸುತ್ತಬೇಕು. ಮಂಡ್ಯದಿಂದ ಬೆಂಗಳೂರಿಗೆ ನೂರು ಕಿಲೋಮೀಟರ್ ಓಡಿದರೆ ಆ ನೂರು ಕಿಲೋಮೀಟರೂ ಪ್ಲೇಟುಗಳು ಉಜ್ಜುತ್ತಲೇ ಇರುತ್ತವೆ. ತಿರುವಿನಲ್ಲಿ ಮಾತ್ರ ಜಾರಬೇಕಾದ ಭಾಗ ಅದು. ಹೀಗೆ ಓಡಿಸಿದರೆ ಎಂಥ ಒಳ್ಳೆ ಎಲ್‌ಎಸ್‌ಡಿಯೂ ಬಾಳುವುದಿಲ್ಲ. ಹಿಂದಿನ ಟೈರುಗಳನ್ನು ಜೋಡಿಯಾಗೇ ಬದಲಿಸಿ. ಗಾಳಿಯೂ ಎರಡು ಕಡೆ ಸಮ ಇರಲಿ. ಪ್ಲೇಟಿನ ಖರ್ಚಿಗೆ ಹೋಲಿಸಿದರೆ ಒಂದು ಟೈರು ಉಳಿಸುವುದು ಉಳಿತಾಯವೇ ಅಲ್ಲ. ಕೆಸರಿಗೆ ಇಳಿಯುವ ಗಾಡಿಗೆ ಆಳವಾದ ಬಟನ್ ಇರುವ ಟೈರ್ ಹಾಕಿದರೆ ಎಲ್‌ಎಸ್‌ಡಿಗೆ ಹಂಚಲು ಹಿಡಿತವೂ ಜಾಸ್ತಿ ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೆ "ಇನ್ನೂ ಟೈಟ್ ಮಾಡಿಸೋಣ" ಅನಿಸುವುದು ಸಹಜ. ಭಾಮೈದನೂ ಅದನ್ನೇ ಹೇಳಿದ. ನಾನು ಬೇಡ ಅಂದೆ. ಕಾರಣ ನಮ್ಮ ನಾಲೆ ಏರಿಗಳು.

ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲಿನ ಮಣ್ಣಿನ ರಸ್ತೆ ಮಳೆಯಲ್ಲಿ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ರಸ್ತೆ ಒಂದು ಕಡೆ ವಾಲಿರುತ್ತದೆ, ಪಕ್ಕದಲ್ಲೇ ನೀರು. ಮಾಮೂಲಿ ಡಿಫ್ರೆನ್ಷಿಯಲ್‌ನಲ್ಲಿ ಒಂದು ಚಕ್ರ ಸುತ್ತಿದರೂ ಇನ್ನೊಂದು ನಿಂತಿರುತ್ತದೆ. ಆ ನಿಂತ ಚಕ್ರ ಗಾಡಿಯ ಹಿಂಭಾಗವನ್ನು ಪಕ್ಕಕ್ಕೆ ಜಾರದ ಹಾಗೆ ಹಿಡಿದಿರುತ್ತದೆ. ತೀರಾ ಟೈಟ್ ಆದ ಎಲ್‌ಎಸ್‌ಡಿಯಲ್ಲಿ ಎರಡೂ ಚಕ್ರ ಒಟ್ಟಿಗೆ ಹಿಡಿತ ಬಿಡುತ್ತವೆ. ಸುತ್ತುತ್ತಿರುವ ಟೈರಿಗೆ ಪಕ್ಕದ ಹಿಡಿತವೂ ಉಳಿಯುವುದಿಲ್ಲ. ಆಗ ಗಾಡಿಯ ಹಿಂಭಾಗ ಇಳಿಜಾರಿನ ಕಡೆಗೆ, ಅಂದರೆ ನೀರಿನ ಕಡೆಗೆ ಜಾರುತ್ತದೆ. ಎಲ್‌ಎಸ್‌ಡಿ ಸರಿಯಾಗಿರುವ ಗಾಡಿಯಲ್ಲೂ ಏರಿ ಮೇಲೆ ಆಕ್ಸಿಲರೇಟರ್ ತುಂಬಾ ಮೆತ್ತಗೆ ಒತ್ತಬೇಕು. ಹಿಂಭಾಗ ವಾಲಿದ ಹಾಗೆ ಅನಿಸಿದ ತಕ್ಷಣ ಕಾಲು ತೆಗೆಯಬೇಕು. ಕೆಲಸದ ಗಾಡಿಗೆ ಕಂಪನಿ ಕೊಟ್ಟ ಅಳತೆಯ ಮೇಲಿನ ಅಂಚಿನವರೆಗೆ ಹೋದರೆ ಸಾಕು, ಅದರಾಚೆ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಅದರ ಬದಲು ಓಡಿಸುವ ರೀತಿಯಲ್ಲೇ ಪಡೆಯಬಹುದಾದ ಹಿಡಿತ ಇದೆ. ಸಿಕ್ಕಿಕೊಂಡಾಗ ಹ್ಯಾಂಡ್‌ಬ್ರೇಕನ್ನು ಎರಡು ಮೂರು ಹಲ್ಲು ಮಾತ್ರ ಎಳೆದು, ಎರಡನೇ ಗೇರಿನಲ್ಲಿ ಮೆಲ್ಲಗೆ ಎಬ್ಬಿಸಿ ನೋಡಿ. ಪಿಕಪ್‌ನ ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನೇ ಹಿಡಿಯುತ್ತದೆ. ಸುಮ್ನೆ ಸುತ್ತುವ ಚಕ್ರಕ್ಕೆ ಅದು ಒಂದಿಷ್ಟು ತಡೆ ಕೊಡುತ್ತದೆ. ಗಾಳಿಯಲ್ಲಿದ್ದ ಚಕ್ರದ ಸೊನ್ನೆ ಈಗ ಸೊನ್ನೆಯಾಗಿ ಉಳಿಯಲಿಲ್ಲ. ಎಲ್‌ಎಸ್‌ಡಿ ಅದರ ಎರಡೂವರೆ ಪಟ್ಟನ್ನು ಹಿಡಿತ ಇರುವ ಚಕ್ರದ ಕಡೆಗೆ ಕಳಿಸುತ್ತದೆ. ಬ್ರೇಕ್ ತಿನ್ನುವ ಭಾಗ ಕಳೆದರೂ ಲಾಭವೇ. ಎಂಜಿನ್ ರೊಯ್ಯನೆ ಏರಿಸಿ ಚಕ್ರ ಜೋರಾಗಿ ಸುತ್ತುವಾಗ ಅದು ಥಟ್ಟನೆ ಒಣ ನೆಲಕ್ಕೆ ಕಚ್ಚಿದರೆ ಆಕ್ಸಲ್ ಶಾಫ್ಟ್ ಮುರಿಯುತ್ತದೆ. ಅದಂತೂ ಬೇಡವೇ ಬೇಡ. ದೊಡ್ಡ ಲಾರಿಗಳ ಏರ್ ಪಾರ್ಕಿಂಗ್ ಬ್ರೇಕಿನಲ್ಲಿ ಈ ಉಪಾಯ ಮಾಡಬೇಡಿ. ಅದು ಸ್ಪ್ರಿಂಗ್ ಬಲದಿಂದ ಹಿಡಿಯುವುದು, ಗಾಡಿ ನಿಲ್ಲಿಸಿಡಲು ಇರುವುದು.

ಲಾರಿ, ಟಿಪ್ಪರ್‌ಗಳ ಕಥೆಯೇ ಬೇರೆ. ಅವುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎಲ್‌ಎಸ್‌ಡಿ ಅಲ್ಲ, ಡಿಫ್ ಲಾಕ್. ಅದು ಎರಡು ಚಕ್ರವನ್ನೂ ಪೂರ್ತಿ ಒಂದು ಮಾಡಿಬಿಡುತ್ತದೆ. ಹಿಂದೆ ಎರಡು ಡ್ರೈವ್ ಆಕ್ಸಲ್ ಇರುವ ಟಿಪ್ಪರ್‌ಗಳಲ್ಲಿ ಆಕ್ಸಲ್‌ಗಳ ನಡುವೆಯೂ ಇನ್ನೊಂದು ಲಾಕ್ ಇರುತ್ತದೆ. ಚಕ್ರ ಸುತ್ತುತ್ತಿರುವಾಗ ಲಾಕ್ ಹಾಕಬಾರದು. ನಿಲ್ಲಿಸಿ ಹಾಕಿ, ನೇರಕ್ಕೆ ಓಡಿಸಿ, ಗಟ್ಟಿ ನೆಲ ಸಿಕ್ಕ ಕೂಡಲೇ ತಿರುಗಿಸುವ ಮೊದಲು ತೆಗೆಯಿರಿ. ಟ್ರ್ಯಾಕ್ಟರಿನ ಡಿಫ್ ಲಾಕ್ ಪೆಡಲ್‌ಗೂ ಇದೇ ನಿಯಮ. ಕಬ್ಬಿನ ಟ್ರೈಲರ್ ಹೂತಾಗ ಡಿಫ್ ಲಾಕ್ ಒತ್ತಿ ಎಳೆಯುವವರು ಮುಂದಿನ ಚಕ್ರಗಳ ಮೇಲೆ ಒಂದು ಕಣ್ಣಿಟ್ಟಿರಬೇಕು. ಹಿಂದಿನ ಎರಡೂ ಚಕ್ರ ಕಚ್ಚಿ ನಿಂತರೆ ಟ್ರ್ಯಾಕ್ಟರ್ ಮುಂಭಾಗ ಎದ್ದು ಹಿಂದಕ್ಕೆ ಮಗುಚಬಹುದು. ಮುಂದಿನ ಚಕ್ರ ಹಗುರಾದ ಕೂಡಲೇ ಕ್ಲಚ್ ಒತ್ತಿಬಿಡಿ.

ಇನ್ನು ಥಾರ್, ಬೊಲೆರೊ ನಿಯೋಗಳ ಕೆಲವು ಮಾದರಿಗಳಲ್ಲಿ ಬರುವ ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕಿಂಗ್ ಡಿಫ್ರೆನ್ಷಿಯಲ್ ಈ ಎರಡರ ನಡುವಿನದು. ಎರಡು ಚಕ್ರಗಳ ವೇಗದ ವ್ಯತ್ಯಾಸ ನಿಮಿಷಕ್ಕೆ ಸುಮಾರು 100 ಸುತ್ತು ಮೀರಿದರೆ ತಾನೇ ಲಾಕ್ ಆಗುತ್ತದೆ. ಗಾಡಿ ಸುಮಾರು 30 ಕಿಲೋಮೀಟರ್ ವೇಗ ದಾಟಿದ್ದರೆ ಲಾಕ್ ಆಗುವುದಿಲ್ಲ. ಇದರಲ್ಲಿ ಚಕ್ರ ಒಂದು ಕ್ಷಣ ಸುತ್ತಿದ ಮೇಲೆಯೇ ಹಿಡಿಯುವುದು. ಹಾಗಾಗಿ ಸುತ್ತುತ್ತಿದೆ ಅಂತ ಕೂಡಲೇ ಕಾಲು ತೆಗೆಯದೆ, ಮೆತ್ತಗೆ ಒತ್ತಿ ಹಿಡಿದಿರಬೇಕು.

ನಮ್ಮ ಪಿಕಪ್ಪಿಗೆ ಹೊಸ ಪ್ಲೇಟ್, ಪುಸ್ತಕದ ಅಳತೆಯ ಶಿಮ್, ಎಲ್‌ಎಸ್ ಆಯಿಲ್, ಹಿಂದೆ ಜೋಡಿ ಟೈರು ಬಿದ್ದವು. ಕಟ್ಟಿದ ದಿನ ಗ್ಯಾರೇಜಿನಲ್ಲಿ ಸ್ಟ್ಯಾಂಡ್ ಮೇಲಿಟ್ಟು ಎಡಗಡೆಯ ಚಕ್ರ ತಿರುಗಿಸಿದೆ. ಬಲಗಡೆಯದೂ ಅದೇ ದಿಕ್ಕಿಗೆ ತಿರುಗಿತು. ಭಾಮೈದ ಎದುರು ಬದಿಯಲ್ಲಿ ಕೂತು ಅದನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದ. "ಈಗ ತಿರುಗ್ಸು ಭಾವ" ಅಂದ. ನಾನು ಎರಡು ಕೈ ಹಾಕಿ ಜಗ್ಗಿದೆ. ಅವನ ಕೈಯಿಂದ ಚಕ್ರ ಬಿಡಿಸಿಕೊಂಡು ಹೋಯಿತು.